ರಾಡಾರಿನ ಪರದೆಯ ಮೇಲೊಂದು ಕೊಕ್ಕೆ

ಮಳೆಗಾಲದ ಸಂಜೆ ಶಾಲೆ ಬಿಡುವ ಗಂಟೆ ಹೊಡೆಯುವ ಹೊತ್ತಿಗೆ ನಮ್ಮ ಮಕ್ಕಳ ಬಾಯಲ್ಲಿ ಒಂದೇ ಪ್ರಶ್ನೆ: “ಮಾಷ್ಟ್ರೇ, ನಾಳೆ ರಜೆ ಉಂಟಾ?” ಕಾಸರಗೋಡಿನಲ್ಲಿ ಪಾಠ ಮಾಡುವ ನಮಗೆ ಇದು ಹೊಸತಲ್ಲ. ಹವಾಮಾನ ಇಲಾಖೆಯವರು ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತಾರೆ. ಅದನ್ನು ನೋಡಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುತ್ತಾರೆ. ರಜೆ ಕೊಟ್ಟ ದಿನ ಬಿಸಿಲು ಬಂದರೆ ನಾವೆಲ್ಲ ಇಲಾಖೆಯನ್ನು ನೋಡಿ ನಗುತ್ತೇವೆ. ರಜೆ ಕೊಡದ ದಿನ ಗಾಳಿ ಎದ್ದು ಅಡಿಕೆ ಮರಗಳು ಸಾಲಾಗಿ ಮುರಿದುಬಿದ್ದರೆ ಅದೇ ಇಲಾಖೆಯನ್ನು ಬೈಯುತ್ತೇವೆ.

ಅಂಥದೊಂದು ದಿನ ಏಳನೇ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಗಾಳಿ ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಮತ್ತೆ ಅದು ಬರುವ ಮೊದಲೇ ಇವರಿಗೆ ಹೇಗೆ ಗೊತ್ತಾಗುತ್ತದೆ?” ಪಾಠಪುಸ್ತಕದಲ್ಲಿ ಇದಕ್ಕೆ ಎರಡು ಸಾಲಿನ ಉತ್ತರ ಉಂಟು: ಉಪಗ್ರಹ, ರಾಡಾರ್. ಆದರೆ ಹುಡುಗನ ಪ್ರಶ್ನೆ ಎರಡು ಸಾಲಿಗೆ ಮುಗಿಯುವಂಥದ್ದಲ್ಲ. ಹಾಗಾಗಿ ಜಗತ್ತಿನ ಅತ್ಯಂತ ಭಯಂಕರವಾದ ಗಾಳಿಯನ್ನು, ಅಂದರೆ ಅಮೆರಿಕದ ಬಯಲಿನಲ್ಲಿ ಏಳುವ ಟೊರ್ನಾಡೊ ಎಂಬ ಸುಂಟರಗಾಳಿಯನ್ನು, ರಾಡಾರಿನ ಪರದೆಯ ಮೇಲೆ ಗುರುತು ಹಿಡಿಯಲು ಮನುಷ್ಯರು ಹೇಗೆ ಕಲಿತರು ಎಂಬ ಚರಿತ್ರೆಯನ್ನು ನಾವು ಇಲ್ಲಿ ಬರೆಯುತ್ತಿದ್ದೇವೆ. ಇದರಲ್ಲಿ ಶಾಲೆಗಳ ಮಾತೂ ಬರುತ್ತದೆ.

ಹೆಸರು ಹೇಳಬಾರದ ಗಾಳಿ

ಅಮೆರಿಕದ ನಡುಭಾಗದಲ್ಲಿ ದಕ್ಷಿಣದ ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಬರುವ ಬೆಚ್ಚಗಿನ ತೇವದ ಗಾಳಿಯೂ ಪಶ್ಚಿಮದಿಂದ ಬರುವ ಒಣ ಗಾಳಿಯೂ ಸೇರುತ್ತವೆ. ಮೇಲೆ ಹೋದಂತೆ ಗಾಳಿಯ ದಿಕ್ಕು, ವೇಗ ಎರಡೂ ಬದಲಾಗುತ್ತವೆ. ವಸಂತ ಕಾಲದಲ್ಲಿ ಅಲ್ಲಿ ಏಳುವ ಗುಡುಗಿನ ಮೋಡಗಳಲ್ಲಿ ಕೆಲವು ತಮ್ಮಷ್ಟಕ್ಕೆ ತಾವೇ ತಿರುಗತೊಡಗುತ್ತವೆ. ಅಂಥ ಮೋಡದ ಬುಡದಿಂದ ಸೊಂಡಿಲಿನಂತೆ ಇಳಿಯುವ ಗಾಳಿಯೇ ಟೊರ್ನಾಡೊ. ಅದು ಕೆಲವು ನಿಮಿಷ ಬದುಕಬಹುದು, ಒಂದು ಗಂಟೆಗೂ ಹೆಚ್ಚು ಬದುಕಬಹುದು. ಹೋದ ದಾರಿಯಲ್ಲಿ ಮನೆಯ ಪಂಚಾಂಗವನ್ನು ಮಾತ್ರ ಉಳಿಸಿ ಹೋದದ್ದೂ ಉಂಟು.

ಇಷ್ಟು ಭಯಂಕರವಾದ ಗಾಳಿಯ ಹೆಸರನ್ನು ಅಲ್ಲಿನ ಹವಾಮಾನ ಇಲಾಖೆ ದಶಕಗಳ ಕಾಲ ಮುನ್ಸೂಚನೆಯಲ್ಲಿ ಬಳಸುತ್ತಿರಲಿಲ್ಲ. ಜನ ಗಾಬರಿಯಾಗುತ್ತಾರೆ, ಗಾಳಿಗಿಂತ ಗಾಬರಿಯಿಂದಲೇ ಹೆಚ್ಚು ಹಾನಿ ಎಂಬುದು ಅವರ ಅಂಜಿಕೆ. ಈ ಮೌನ ಮೊದಲು ಮುರಿದದ್ದು ಸೈನ್ಯದೊಳಗೆ. 1948ರ ಮಾರ್ಚ್ 20ರಂದು ಒಕ್ಲಹೋಮದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಬಡಿದು ವಿಮಾನಗಳು ಪುಡಿಯಾದವು. ಐದು ದಿನ ಕಳೆದು, ಮಾರ್ಚ್ 25ರಂದು, ಅಲ್ಲಿನ ಹವಾಮಾನ ಅಧಿಕಾರಿಗಳಾದ ಫಾಬುಷ್ ಮತ್ತು ಮಿಲ್ಲರ್ ನಕಾಶೆಗಳನ್ನು ಹರಡಿ ನೋಡಿದರು. ಆ ದಿನದ ಪರಿಸ್ಥಿತಿಯೂ 20ರಂತೆಯೇ ಇತ್ತು. ಅವರು ಸುಂಟರಗಾಳಿ ಬರಬಹುದೆಂದು ಬರೆದು ಕೊಟ್ಟರು. ಅದೇ ಸಂಜೆ ಅದೇ ನೆಲೆಗೆ ಮತ್ತೆ ಸುಂಟರಗಾಳಿ ಬಂತು! ಮುನ್ಸೂಚನೆ ಸಾಧ್ಯ ಎಂಬುದು ಸಿದ್ಧವಾಯಿತು. ಆದರೆ ಎಲ್ಲಿ, ಯಾವ ಊರಿಗೆ, ಎಷ್ಟು ಗಂಟೆಗೆ ಎಂದು ಹೇಳಬೇಕಾದರೆ ಮೋಡದ ಒಳಗೆ ಇಣುಕುವ ಒಂದು ಕಣ್ಣು ಬೇಕಿತ್ತು.

ಯುದ್ಧದಿಂದ ಬಂದ ಕಣ್ಣು

ಆ ಕಣ್ಣನ್ನು ಯುದ್ಧ ಕೊಟ್ಟಿತು. ರಾಡಾರ್ ರೇಡಿಯೊ ಅಲೆಗಳನ್ನು ಒಂದು ದಿಕ್ಕಿಗೆ ಕಳುಹಿಸುತ್ತದೆ. ಎದುರಿನ ವಸ್ತುವಿಗೆ ತಾಗಿ ಮರಳಿ ಬರುವ ಅಲೆಯನ್ನು ಹಿಡಿದು, ಹೋಗಿ ಬರಲು ತಗುಲಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಬಾವಿಗೆ ಬಾಗಿ ಕೂಗಿದರೆ ನಮ್ಮ ದನಿ ಮರಳಿ ಬರುವಂತೆಯೇ ಇದು. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನಗಳನ್ನು ಹುಡುಕುತ್ತಿದ್ದವರಿಗೆ ಮಳೆಯ ಹನಿಗಳೂ ಪರದೆಯ ಮೇಲೆ ಕಾಣುತ್ತಿದ್ದವು. ಅವರಿಗೆ ಅದೊಂದು ಉಪದ್ರ. ಯುದ್ಧ ಮುಗಿದ ಮೇಲೆ ಅದೇ ಉಪದ್ರ ಹವಾಮಾನ ಶಾಸ್ತ್ರಜ್ಞರಿಗೆ ವರವಾಯಿತು. ಸೈನ್ಯಕ್ಕೆ ಬೇಡವಾದ ರಾಡಾರುಗಳನ್ನು ವಿಶ್ವವಿದ್ಯಾಲಯಗಳೂ ಸಂಶೋಧನಾ ಸಂಸ್ಥೆಗಳೂ ಪಡೆದುಕೊಂಡವು.

ಇಲಿನಾಯ್ ರಾಜ್ಯದ ಜಲ ಸಮೀಕ್ಷಾ ಸಂಸ್ಥೆಯ ಬಳಿ ಅಂಥದೊಂದು ರಾಡಾರ್ ಇತ್ತು. ಅದರ ಕೆಲಸ ಸುಂಟರಗಾಳಿಯನ್ನು ಹುಡುಕುವುದಲ್ಲ, ಮಳೆ ಎಷ್ಟು ಸುರಿಯಿತು ಎಂದು ರಾಡಾರಿನಿಂದ ಅಳೆಯಲು ಆಗುತ್ತದೆಯೇ ಎಂದು ಪರೀಕ್ಷಿಸುವುದು. ಮಳೆಮಾಪಕದ ಕೆಲಸವನ್ನೇ ದೊಡ್ಡದಾಗಿ ಮಾಡಿದಂತೆ ಎನ್ನೋಣ.

1953ರ ಏಪ್ರಿಲ್ 9ರಂದು ಆ ರಾಡಾರಿನ ಮುಂದೆ ಕುಳಿತಿದ್ದವರು ಡೊನಾಲ್ಡ್ ಸ್ಟ್ಯಾಗ್ಸ್. ಅವರು ಹವಾಮಾನ ಶಾಸ್ತ್ರಜ್ಞರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಯಂತ್ರದ ರಿಪೇರಿ ಮಾಡಿ, ಸರಿಯಾಯಿತೇ ಎಂದು ನೋಡುತ್ತಿದ್ದರು. ಆಗ ಒಂದು ಗುಡುಗಿನ ಮೋಡದ ಪ್ರತಿಧ್ವನಿ ವಿಚಿತ್ರವಾಗಿ ಕಂಡಿತು. ಮಳೆಯ ದೊಡ್ಡ ಮುದ್ದೆಯ ಒಂದು ಮೂಲೆಯಿಂದ ಬಾಲದಂತೆ ಏನೋ ಹೊರಟು, ಸುತ್ತಿಕೊಂಡು, ಕೊನೆಗೆ 6 ಅಂಕೆಯಂತೆ ಆಯಿತು. ನಮ್ಮ ತೋಟಗಳಲ್ಲಿ ದೋಟಿಯ ತುದಿಗೆ ಕಟ್ಟುವ ಕೊಕ್ಕೆಯನ್ನು ನೆನಪಿಸಿಕೊಂಡರೆ ಆಕಾರ ಕಣ್ಣಿಗೆ ಕಟ್ಟುತ್ತದೆ.

ಅದು ಏನೆಂದು ಸ್ಟ್ಯಾಗ್ಸ್ ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ರಿಪೇರಿ ಮುಗಿಯಿತೆಂದು ಸ್ವಿಚ್ ಆರಿಸಿ ಮನೆಗೆ ಹೋಗಿದ್ದರೆ ಕೇಳುವವರೂ ಇರಲಿಲ್ಲ. ಅವರು ಹೋಗಲಿಲ್ಲ. ಮುಂದೆ ತಿಳಿದವರು ನೋಡಲಿ ಎಂದು ಪರದೆಯ ಚಿತ್ರಗಳನ್ನು ದಾಖಲಿಸಿ ಇಟ್ಟರು. ಆಮೇಲೆ ಹಫ್, ಹೈಸರ್, ಬಿಗ್ಲರ್ ಎಂಬ ಮೂವರು ಶಾಸ್ತ್ರಜ್ಞರು ಚಿತ್ರಗಳನ್ನೂ ನೆಲದ ಮೇಲಿನ ಹಾನಿಯನ್ನೂ ಹೋಲಿಸಿ ನೋಡಿದರು. ಕೊಕ್ಕೆ ಕಂಡ ಜಾಗದಲ್ಲಿಯೇ ಸುಂಟರಗಾಳಿ ಹಾದುಹೋಗಿತ್ತು. ಸುಂಟರಗಾಳಿಗೆ ಸಂಬಂಧಪಟ್ಟ ಕೊಕ್ಕೆಯಾಕಾರ ರಾಡಾರಿನಲ್ಲಿ ದಾಖಲಾದದ್ದು ಇದೇ ಮೊದಲು. ಇಂದಿಗೂ ಇದನ್ನು ‘ಹುಕ್ ಎಕೊ’, ಅಂದರೆ ಕೊಕ್ಕೆ ಪ್ರತಿಧ್ವನಿ ಎಂದೇ ಕರೆಯುತ್ತಾರೆ.

ಮೂರು ಊರುಗಳು

ಗುರುತು ಸಿಕ್ಕಿತು. ಆದರೆ ಸಿಕ್ಕಿದ ಗುರುತು ಊರಿಗೆ ತಲುಪುವಷ್ಟರಲ್ಲಿ ಬಹಳ ಜೀವಗಳು ಹೋದವು. ಅದೇ 1953ರ ಮೇ 11ರ ಸಂಜೆ ಟೆಕ್ಸಾಸಿನ ವೇಕೊ ಪಟ್ಟಣದ ನಟ್ಟನಡುವೆ ಸುಂಟರಗಾಳಿ ನುಗ್ಗಿತು. ನಮ್ಮ ಊರಿನ ನೆಲದ ಗುಣದಿಂದ ಇಲ್ಲಿಗೆ ಸುಂಟರಗಾಳಿ ಬರುವುದಿಲ್ಲ ಎಂಬ ಹಳೆಯ ನಂಬಿಕೆ ಅಲ್ಲಿತ್ತು. ಪೇಟೆಯ ದೊಡ್ಡ ಕಟ್ಟಡಗಳು ಕುಸಿದು 114 ಜನ ಸತ್ತರು. ಜೂನ್ 8ರಂದು ಮಿಷಿಗನ್ನಿನ ಫ್ಲಿಂಟ್‌ನಲ್ಲಿ 116 ಜನ, ಮರುದಿನ ಜೂನ್ 9ರಂದು ಮೆಸಾಚುಸೆಟ್ಸಿನ ವುಸ್ಟರ್‌ನಲ್ಲಿ 94 ಜನ ಸತ್ತರು. ಒಂದು ತಿಂಗಳೊಳಗೆ ಮೂರು ಊರುಗಳಲ್ಲಿ 324 ಜೀವ.

ವೇಕೊದ ದುರಂತದ ನಂತರ ಟೆಕ್ಸಾಸಿನವರು ಸುಮ್ಮನೆ ಕೂರಲಿಲ್ಲ. ಹವಾಮಾನ ಇಲಾಖೆ, ಟೆಕ್ಸಾಸ್ ಎ ಅಂಡ್ ಎಂ ಕಾಲೇಜು ಮತ್ತು ಊರುಗಳ ಆಡಳಿತ ಒಟ್ಟು ಸೇರಿ, ರಾಜ್ಯದ ಹಲವು ಕಡೆ ರಾಡಾರುಗಳನ್ನು ಇಟ್ಟು ಸುಂಟರಗಾಳಿ ಎಚ್ಚರಿಕೆಯ ಒಂದು ಜಾಲವನ್ನು ಕಟ್ಟಲು ಹೊರಟವು. ಇಲಿನಾಯ್ ಕೊಕ್ಕೆಯನ್ನು ಅಭ್ಯಾಸ ಮಾಡಿದ್ದ ಸ್ಟುವರ್ಟ್ ಬಿಗ್ಲರ್ ಈಗ ಟೆಕ್ಸಾಸಿನ ಆ ಕಾಲೇಜಿನಲ್ಲಿದ್ದರು.

ಶಾಲೆಗೆ ಬಂದ ಫೋನು

1956ರ ಏಪ್ರಿಲ್ 5. ಕಾಲೇಜಿನ ರಾಡಾರಿನಲ್ಲಿ ಒಂದು ಬಲವಾದ ಗುಡುಗಿನ ಮೋಡ ಕಂಡಿತು. ಅದರಲ್ಲಿ ಕೊಕ್ಕೆ ಮೂಡಿತು. ಮೂರು ವರ್ಷ ಹಿಂದೆ ಸ್ಟ್ಯಾಗ್ಸ್ ಕಂಡಾಗ ಅದರ ಅರ್ಥ ಯಾರಿಗೂ ತಿಳಿದಿರಲಿಲ್ಲ. ಈಗ ಬಿಗ್ಲರ್ ಅವರಿಗೆ ಚೆನ್ನಾಗಿ ತಿಳಿದಿತ್ತು. ಮೋಡ ಬರುತ್ತಿದ್ದದ್ದು ಬ್ರಯಾನ್ ಮತ್ತು ಕಾಲೇಜ್ ಸ್ಟೇಷನ್ ಎಂಬ ಅವಳಿ ಊರುಗಳ ಕಡೆಗೆ. ಪೊಲೀಸರಿಗೂ ಶಾಲೆಯವರಿಗೂ ಫೋನು ಹೋಯಿತು: ಮಕ್ಕಳನ್ನು ಈಗ ಮನೆಗೆ ಬಿಡಬೇಡಿ, ಮೋಡ ದಾಟುವವರೆಗೆ ಶಾಲೆಯೊಳಗೇ ಇರಿಸಿಕೊಳ್ಳಿ. ಮಕ್ಕಳನ್ನು ಹಾಗೆಯೇ ಉಳಿಸಿಕೊಂಡರು. ಸುಂಟರಗಾಳಿ ಬಂದು ಹೋಯಿತು.

ರಾಡಾರಿನಲ್ಲಿ ಕಂಡ ಗುರುತನ್ನು ನೋಡಿ ಜನರಿಗೆ ಸುಂಟರಗಾಳಿ ಎಚ್ಚರಿಕೆ ಕೊಟ್ಟ ಮೊದಲ ಪ್ರಸಂಗಗಳಲ್ಲಿ ಇದನ್ನು ಎಣಿಸುತ್ತಾರೆ. ನಾವು ಶಿಕ್ಷಕರು ಇದನ್ನು ಇನ್ನೊಂದು ರೀತಿಯಲ್ಲಿಯೂ ನೋಡಬೇಕು. ಆ ದಿನ ಫೋನು ಎತ್ತಿದ ಒಬ್ಬರು, ಕಿಟಕಿಯ ಹೊರಗೆ ನೋಡಿ “ಇನ್ನೂ ಮಳೆಯೇ ಬಂದಿಲ್ಲವಲ್ಲ” ಎಂದು ಗಂಟೆ ಹೊಡೆಸಿಬಿಟ್ಟಿದ್ದರೆ ರಾಡಾರ್, ಕೊಕ್ಕೆ, ಮೂರು ವರ್ಷದ ಸಂಶೋಧನೆ ಎಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಆಗುತ್ತಿತ್ತು.

ಕೊಕ್ಕೆ ಏಕೆ ಆಗುತ್ತದೆ?

ಗುರುತು ಗೊತ್ತಾದರೂ ಕಾರಣ ಗೊತ್ತಾಗಲು ಇನ್ನೂ ಸಮಯ ಹಿಡಿಯಿತು. ಜಪಾನಿನಿಂದ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದಿದ್ದ ತೆತ್ಸುಯ ಫುಜಿತ 1953ರ ಇಲಿನಾಯ್ ಚಿತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, 1958ರಲ್ಲಿ ವಿವರವಾದ ಲೇಖನ ಪ್ರಕಟಿಸಿದರು. ಮುಂದೆ 1971ರಲ್ಲಿ ಸುಂಟರಗಾಳಿಯ ಬಲವನ್ನು ಹಾನಿಯಿಂದ ಅಳೆಯುವ ಮಾಪನವನ್ನು ಮಾಡಿದವರೂ ಇವರೇ. ಇನ್ನೊಂದು ಕಡೆ ಇಂಗ್ಲೆಂಡಿನಲ್ಲಿ 1959ರ ಜುಲೈ 9ರಂದು ವೋಕಿಂಗ್ಹ್ಯಾಮ್ ಪ್ರದೇಶದಲ್ಲಿ ದೊಡ್ಡ ಆಲಿಕಲ್ಲು ಸುರಿಸಿದ ಮೋಡವೊಂದನ್ನು ಕೀತ್ ಬ್ರೌನಿಂಗ್ ಮತ್ತು ಫ್ರ್ಯಾಂಕ್ ಲಡ್ಲಮ್ ಹಲವು ರಾಡಾರುಗಳಿಂದ ಅಭ್ಯಾಸ ಮಾಡಿದರು. ಮೋಡದ ನಡುವೆ ಪ್ರತಿಧ್ವನಿಯೇ ಇಲ್ಲದ ಒಂದು ಟೊಳ್ಳು ಕಂಡಿತು. ಅಲ್ಲಿ ಮೇಲಕ್ಕೆ ಏರುವ ಗಾಳಿ ಎಷ್ಟು ಜೋರೆಂದರೆ ಹನಿಗಳು ದೊಡ್ಡದಾಗುವ ಮೊದಲೇ ಮೇಲೆ ಹಾರಿಹೋಗುತ್ತಿದ್ದವು. ಇಂಥ ಮೋಡಕ್ಕೆ ಬ್ರೌನಿಂಗ್ ‘ಸೂಪರ್‌ಸೆಲ್’ ಎಂಬ ಹೆಸರು ಕೊಟ್ಟರು.

ಈಗ ಕೊಕ್ಕೆಯ ಗುಟ್ಟನ್ನು ಮಕ್ಕಳಿಗೆ ಹೀಗೆ ಹೇಳಬಹುದು. ನೆಲದ ಬಳಿ ಗಾಳಿ ನಿಧಾನ, ಮೇಲೆ ವೇಗ. ಹೀಗಿದ್ದಾಗ ನಡುವಿನ ಗಾಳಿ ಹಪ್ಪಳ ಲಟ್ಟಿಸುವ ಲಟ್ಟಣಿಗೆಯಂತೆ ಅಡ್ಡಡ್ಡವಾಗಿ ಉರುಳುತ್ತದೆ. ಮೋಡದೊಳಗೆ ಏರುವ ಬಿಸಿಗಾಳಿ ಆ ಲಟ್ಟಣಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಅಡ್ಡ ಉರುಳುತ್ತಿದ್ದದ್ದು ಈಗ ಬುಗುರಿಯಂತೆ ತಿರುಗುತ್ತದೆ. ಈ ತಿರುಗುವಿಕೆ ಮೋಡದ ಮಳೆಯನ್ನು ತನ್ನ ಸುತ್ತ ಎಳೆದು ಸುತ್ತಿಕೊಳ್ಳುತ್ತದೆ. ಹಿಂಭಾಗದಿಂದ ಕೆಳಗೆ ಧುಮುಕುವ ತಂಪು ಗಾಳಿಯೂ ಅದಕ್ಕೆ ನೆರವಾಗುತ್ತದೆ. ಸುತ್ತಿಕೊಂಡ ಆ ಮಳೆಯೇ ರಾಡಾರಿಗೆ ಕೊಕ್ಕೆಯಾಗಿ ಕಾಣುತ್ತದೆ. ಈಶಾನ್ಯಕ್ಕೆ ಸಾಗುವ ಅಮೆರಿಕದ ಮೋಡಗಳಲ್ಲಿ ಇದು ಹೆಚ್ಚಾಗಿ ಹಿಂದಿನ ನೈಋತ್ಯ ಮೂಲೆಯಲ್ಲಿರುತ್ತದೆ. ಅಂದರೆ ರಾಡಾರ್ ಕಂಡದ್ದು ಸುಂಟರಗಾಳಿಯನ್ನಲ್ಲ, ಅದರ ಸುತ್ತ ಸುತ್ತಿಕೊಂಡ ಮಳೆಯನ್ನು. ಹಾಗಾಗಿ ಕೊಕ್ಕೆ ಕಂಡಲ್ಲೆಲ್ಲ ಸುಂಟರಗಾಳಿ ಇರುವುದಿಲ್ಲ. ಸುಂಟರಗಾಳಿ ಇದ್ದಲ್ಲೆಲ್ಲ ಕೊಕ್ಕೆ ಕಾಣುವುದೂ ಇಲ್ಲ.

ಆದರೂ ಈ ಅರೆಬರೆ ಗುರುತು ಬಹಳ ಜೀವ ಉಳಿಸಿತು. 1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದ 13 ರಾಜ್ಯಗಳಲ್ಲಿ 148 ಸುಂಟರಗಾಳಿಗಳು ಎದ್ದವು. 300ಕ್ಕೂ ಹೆಚ್ಚು ಜನ ಸತ್ತರು. ಒಹಾಯೊದ ಝೀನಿಯ ಊರಿನ ಕಡೆಗೆ ಹೋಗುತ್ತಿದ್ದ ಮೋಡದ ಕೊಕ್ಕೆಯನ್ನು ಡೇಟನ್ ನಗರದ ಟಿವಿ ಕೇಂದ್ರವೊಂದರ ಹವಾಮಾನ ನಿರೂಪಕ ಗಿಲ್ ವಿಟ್ನಿ ತಮ್ಮ ರಾಡಾರಿನಲ್ಲಿ ಕಂಡು, ಜನರಿಗೆ ಟಿವಿಯಲ್ಲಿಯೇ ಎಚ್ಚರಿಕೆ ಹೇಳಿದರು. ಝೀನಿಯದ ಹೈಸ್ಕೂಲಿನಲ್ಲಿ ಶಾಲೆ ಬಿಟ್ಟಾಗಿತ್ತು. ನಾಟಕದ ತಾಲೀಮಿಗೆ ಉಳಿದಿದ್ದ ಕೆಲವು ವಿದ್ಯಾರ್ಥಿಗಳು ಸುಂಟರಗಾಳಿ ಬರುವುದು ಕಂಡು ವೇದಿಕೆ ಬಿಟ್ಟು ಒಳಗಿನ ಓಣಿಗೆ ಓಡಿದರು. ಅವರು ನಿಂತಿದ್ದ ವೇದಿಕೆಯ ಮೇಲೆ ಶಾಲಾ ಬಸ್ಸುಗಳು ಬಂದು ಬಿದ್ದವು. ಅದೇ ಗಾಳಿ ತರಗತಿಗಳು ತುಂಬಿದ್ದ ಹೊತ್ತಿಗೆ ಬಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಕಷ್ಟ.

ರೈಲಿನ ಕೂಗು ಕಲಿಸಿದ ಪಾಠ

ಮಳೆಯ ಆಕಾರವನ್ನು ನೋಡುವುದರ ಬದಲು ಗಾಳಿಯ ವೇಗವನ್ನೇ ನೋಡಲು ಆಗದೇ? ಕುಂಬಳೆ ನಿಲ್ದಾಣದಲ್ಲಿ ನಿಲ್ಲದೆ ಹೋಗುವ ರೈಲಿನ ಕೂಗನ್ನು ಕೇಳಿದವರಿಗೆ ಇದರ ಉಪಾಯ ತಿಳಿಯುತ್ತದೆ. ರೈಲು ಹತ್ತಿರ ಬರುವಾಗ ಕೂಗು ತೀಕ್ಷ್ಣವಾಗಿರುತ್ತದೆ, ದಾಟಿ ಹೋದ ಮೇಲೆ ದಪ್ಪವಾಗುತ್ತದೆ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ ತತ್ವ ಇದು. ಮರಳಿ ಬಂದ ರೇಡಿಯೊ ಅಲೆಯಲ್ಲಿ ಇದೇ ವ್ಯತ್ಯಾಸವನ್ನು ಅಳೆದರೆ ಮಳೆಹನಿ ರಾಡಾರಿನ ಕಡೆಗೆ ಬರುತ್ತಿದೆಯೇ, ದೂರ ಹೋಗುತ್ತಿದೆಯೇ, ಎಷ್ಟು ವೇಗವಾಗಿ ಎಂದು ತಿಳಿಯುತ್ತದೆ. 1958ರ ಜೂನ್ 10ರಂದು ಕನ್ಸಾಸಿನ ಎಲ್ ಡೊರಾಡೊ ಬಳಿಯ ಸುಂಟರಗಾಳಿಯಲ್ಲಿ ಇಂಥ ಒಂದು ಪ್ರಯೋಗದ ಉಪಕರಣ ಗಂಟೆಗೆ ಸುಮಾರು 330 ಕಿ.ಮೀ. ವೇಗವನ್ನು ಅಳೆದಿತ್ತು.

ದೊಡ್ಡ ಹೆಜ್ಜೆ ಬಂದದ್ದು 1973ರ ಮೇ 24ರಂದು. ಒಕ್ಲಹೋಮದ ಯೂನಿಯನ್ ಸಿಟಿಯ ಸುಂಟರಗಾಳಿಯನ್ನು ನಾರ್ಮನ್ ಊರಿನ ರಾಷ್ಟ್ರೀಯ ಚಂಡಮಾರುತ ಪ್ರಯೋಗಾಲಯದ ಡಾಪ್ಲರ್ ರಾಡಾರ್ ಪೂರ್ತಿಯಾಗಿ ದಾಖಲಿಸಿತು. ನೆಲದ ಮೇಲೆ ಇನ್ನೊಂದು ತಂಡ ಅದನ್ನು ಚಿತ್ರೀಕರಿಸಿತು. ಆಮೇಲೆ ಅಂಕೆಗಳನ್ನು ಜಾಲಾಡಿದಾಗ ರಾಜರ್ ಬ್ರೌನ್, ಲೆಸ್ ಲೆಮನ್ ಮತ್ತು ಡಾನ್ ಬರ್ಜೆಸ್ ಅವರಿಗೆ ಒಂದು ಹೊಸ ಗುರುತು ಸಿಕ್ಕಿತು. ಒತ್ತೊತ್ತಿನ ಎರಡು ಜಾಗಗಳಲ್ಲಿ ಒಂದು ಕಡೆ ಗಾಳಿ ರಾಡಾರಿನತ್ತ ರಭಸದಿಂದ ಬರುತ್ತಿದೆ, ಪಕ್ಕದಲ್ಲಿಯೇ ಅಷ್ಟೇ ರಭಸದಿಂದ ದೂರ ಹೋಗುತ್ತಿದೆ. ಗಾಳಿ ಗಿರಗಿರನೆ ತಿರುಗುತ್ತಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಅದೂ ಸುಂಟರಗಾಳಿ ನೆಲ ಮುಟ್ಟುವ ಮೊದಲೇ ಮೇಲೆ ಮೋಡದೊಳಗೆ ಈ ಗುರುತು ಮೂಡಿತ್ತು! ಈಗಿನ ಚಿತ್ರಗಳಲ್ಲಿ ಬರುವ ಗಾಳಿಗೆ ಹಸಿರು, ಹೋಗುವ ಗಾಳಿಗೆ ಕೆಂಪು ಬಣ್ಣ ಕೊಡುವುದು ರೂಢಿ. ಹಸಿರೂ ಕೆಂಪೂ ಅಂಟಿಕೊಂಡು ಕಂಡರೆ ಪರದೆಯ ಮುಂದೆ ಕುಳಿತವರು ನೆಟ್ಟಗಾಗುತ್ತಾರೆ.

1977ರಿಂದ 1979ರವರೆಗೆ ನಡೆದ ಪರೀಕ್ಷೆಯಲ್ಲಿ ಡಾಪ್ಲರಿನಿಂದ ಸರಾಸರಿ ಸುಮಾರು 20 ನಿಮಿಷ ಮೊದಲೇ ಎಚ್ಚರಿಕೆ ಕೊಡಬಹುದೆಂದು ತಿಳಿಯಿತು. 1990ರ ದಶಕದಲ್ಲಿ ಅಮೆರಿಕ ದೇಶದಾದ್ಯಂತ ಇಂಥ ಸುಮಾರು 160 ರಾಡಾರುಗಳನ್ನು ನಿಲ್ಲಿಸಿತು. 2013ರ ಹೊತ್ತಿಗೆ ಅವುಗಳಿಗೆ ಇನ್ನೊಂದು ಶಕ್ತಿ ಬಂತು. ಅಡ್ಡ ಮತ್ತು ಉದ್ದ ಎರಡೂ ಬಗೆಯ ಅಲೆಗಳನ್ನು ಕಳುಹಿಸಿ, ಎದುರಿಗಿರುವುದು ಒಂದೇ ತರದ ಮಳೆಹನಿಯೋ, ಆಕಾರವೇ ಇಲ್ಲದ ಹಲಗೆ, ತಗಡು, ಎಲೆ, ಮಣ್ಣಿನ ಚೂರೋ ಎಂದು ಹೇಳುವ ಶಕ್ತಿ. ಆ ಗುರುತು ಕಂಡರೆ ಸುಂಟರಗಾಳಿ ನೆಲಕ್ಕಿಳಿದದ್ದು ಖಚಿತ. ಆದರೆ ಅಷ್ಟರಲ್ಲಿ ಯಾರದೋ ಮನೆ ಮುರಿದು ಆಕಾಶದಲ್ಲಿ ಹಾರುತ್ತಿರುತ್ತದೆ.

ರಾಡಾರಿಗೂ ಕುರುಡುಂಟು

ಇಷ್ಟೆಲ್ಲ ಆದ ಮೇಲೂ ಎಲ್ಲವೂ ಕಾಣುವುದಿಲ್ಲ. ಭೂಮಿ ದುಂಡಗಿದೆ, ರಾಡಾರಿನ ಕಿರಣ ಹೆಚ್ಚುಕಡಿಮೆ ನೇರ ಹೋಗುತ್ತದೆ. ಅರ್ಧ ಡಿಗ್ರಿ ಮೇಲಕ್ಕೆ ಕಳುಹಿಸಿದ ಕಿರಣ 100 ಕಿ.ಮೀ. ದೂರ ತಲುಪುವಾಗ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. ಅದರ ಕೆಳಗೆ ನಡೆಯುವುದು ಅದಕ್ಕೆ ಕಾಣದು. ಎಚ್ಚರಿಕೆ ಕೊಟ್ಟ ಮೇಲೂ ಸುಂಟರಗಾಳಿ ಬಾರದೇ ಹೋಗುವುದೇ ಹೆಚ್ಚು.

ಇದರಿಂದ ಹುಟ್ಟುವ ಅಸಡ್ಡೆ ಎಷ್ಟು ಅಪಾಯ ಎಂಬುದಕ್ಕೆ ಮಿಸ್ಸೌರಿಯ ಜಾಪ್ಲಿನ್ ಸಾಕ್ಷಿ. 2011ರ ಮೇ 22ರಂದು ಅಲ್ಲಿ ಸುಂಟರಗಾಳಿಗೆ ಸುಮಾರು 160 ಜನ ಬಲಿಯಾದರು. ಎಚ್ಚರಿಕೆ ಇರಲಿಲ್ಲವೇ? ಇತ್ತು. ಕಾಲು ಗಂಟೆಗೂ ಹೆಚ್ಚು ಮೊದಲೇ ಇತ್ತು. ಸೈರನ್ನೂ ಕೂಗಿತ್ತು. ಆದರೆ ಆಗಾಗ ಸೈರನ್ ಕೇಳಿ ಕೇಳಿ ಅಭ್ಯಾಸವಾದ ಬಹಳ ಜನ, ನಿಜವೋ ಸುಳ್ಳೋ ಎಂದು ತಾವೇ ನೋಡಲು ಕಾದರು ಎಂದು ಸರಕಾರದ ಪರಿಶೀಲನೆ ಹೇಳಿತು.

ನಮ್ಮ ಕಡೆಗೆ ಬರೋಣ. ಜಗತ್ತಿನಲ್ಲಿ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಅಮೆರಿಕದ್ದಲ್ಲ, ನೆರೆಯ ಬಾಂಗ್ಲಾದೇಶದ್ದು. 1989ರ ಏಪ್ರಿಲ್ 26ರಂದು ಮಾಣಿಕ್‌ಗಂಜ್ ಪ್ರದೇಶದಲ್ಲಿ ಸುಮಾರು 1300 ಜನ ಸತ್ತರೆಂದು ಲೆಕ್ಕ. ಕಾಸರಗೋಡಿನ ಗಾಳಿ ಆ ಜಾತಿಯದ್ದಲ್ಲ. ಮಲಯಾಳ ಪತ್ರಿಕೆಗಳು ‘ಮಿನ್ನಲ್ ಚುಳಲಿ’ ಎಂದು ಬರೆಯುವ ನಮ್ಮ ಮಳೆಗಾಲದ ದಿಢೀರ್ ಗಾಳಿ ಕೆಲವೇ ನಿಮಿಷದ್ದು, ಚಿಕ್ಕ ಪ್ರದೇಶದ್ದು. ಆದರೆ ಮಾಡಿನ ಹಂಚು ಹಾರಿಸಲು, ಶಾಲೆಯ ದಾರಿಯಲ್ಲಿ ಮರವೋ ವಿದ್ಯುತ್ ತಂತಿಯೋ ಬೀಳಲು ಅಷ್ಟು ಸಾಕು. ಭಾರತದ ಹವಾಮಾನ ಇಲಾಖೆಯೂ 2002ರಲ್ಲಿ ಚೆನ್ನೈಯಿಂದ ಆರಂಭಿಸಿ ಡಾಪ್ಲರ್ ರಾಡಾರುಗಳನ್ನು ಸ್ಥಾಪಿಸುತ್ತ ಬಂದಿದೆ. ಕೇರಳದ ಕೊಚ್ಚಿಯಲ್ಲಿಯೂ ಒಂದಿದೆ. ಆದರೆ ಕೊಚ್ಚಿ ನಮ್ಮಿಂದ ಸುಮಾರು 300 ಕಿ.ಮೀ. ದೂರ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಅಲ್ಲಿಂದ ಹೊರಟ ಕಿರಣ ನಮ್ಮ ತಲೆಯ ಮೇಲೆ ಬರುವಾಗ ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ಹತ್ತನೇ ತರಗತಿಯ ಮಕ್ಕಳು ಲೆಕ್ಕ ಹಾಕಿ ನೋಡಲಿ. ಎಚ್ಚರಿಕೆಗಳು ಕೆಲವೊಮ್ಮೆ ಏಕೆ ತಪ್ಪುತ್ತವೆ ಎಂಬುದಕ್ಕೆ ಒಂದು ಕಾರಣ ಅವರಿಗೇ ಸಿಗುತ್ತದೆ.

ಆ ಹುಡುಗನ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟೇ. ಗಾಳಿ ಕಾಣುವುದಿಲ್ಲ, ನಿಜ. ಅದು ಎಳೆದುಕೊಂಡು ಹೋಗುವ ಮಳೆ ಕಾಣುತ್ತದೆ. ಮೊದಲು ಕಂಡವನಿಗೆ ಅದರ ಅರ್ಥ ಗೊತ್ತಿರಲಿಲ್ಲ, ಆದರೂ ಎಸೆಯದೆ ತೆಗೆದಿಟ್ಟ. ಇನ್ನೊಬ್ಬರು ಅದರ ಅರ್ಥ ಹುಡುಕಿದರು. ಮತ್ತೊಬ್ಬರು ಶಾಲೆಗೆ ಫೋನು ಮಾಡಿದರು. ಶಾಲೆಯಲ್ಲಿ ಒಬ್ಬರು ಆ ಮಾತನ್ನು ನಂಬಿ ಮಕ್ಕಳನ್ನು ಉಳಿಸಿಕೊಂಡರು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಉಳಿದದ್ದರಿಂದ ಪ್ರಯೋಜನವಿಲ್ಲ.

ಕೊನೆಯ ಕೊಂಡಿ ನಾವು, ಶಾಲೆಯವರು ಮತ್ತು ಹೆತ್ತವರು. ಇನ್ನು ಮುಂದೆ ರಜೆ ಕೊಟ್ಟ ದಿನ ಬಿಸಿಲು ಬಂದರೆ ನಗುವುದು ಬೇಡ. ಮಕ್ಕಳು ಮನೆಯಲ್ಲಿ ಕ್ಷೇಮವಾಗಿದ್ದರಲ್ಲ ಎಂದು ಸಂತೋಷಪಡೋಣ. ಬಾಕಿಯಾದ ಪಾಠವನ್ನು ಶನಿವಾರ ಮಾಡಿದರಾಯಿತು.